ಹಾಜರಿಯಲ್ಲಿದ್ದ ನನ್ನ ತಮ್ಮ

ನಮ್ಮ ಮನೆಯ ಪಡಸಾಲೆಯ ಒಂದು ಗೋಡೆ ಕಪ್ಪಗಿತ್ತು. ಹೊಗೆ ಹಿಡಿದು ಕಪ್ಪಾದದ್ದಲ್ಲ. ಅಪ್ಪ ಇದ್ದಿಲು ಅರೆದು, ಗರಗದ ಸೊಪ್ಪಿನ ರಸದಲ್ಲಿ ಕಲೆಸಿ, ಎರಡು ಸಲ ಬಳಿದು ಮಾಡಿದ ಕಪ್ಪುಹಲಗೆ ಅದು. ಅಪ್ಪ ನಮ್ಮೂರಿನ ಸರ್ಕಾರಿ ಕನ್ನಡ ಶಾಲೆಯ ಹೆಡ್‌ಮೇಷ್ಟ್ರು. ಊರು ಆಂಧ್ರಕ್ಕೆ ಸೇರಿದ್ದು, ಅಗಳಿಯ ಕಡೆ. ನಮ್ಮ ಹೊಲ ದಾಟಿ ಸ್ವಲ್ಪ ದೂರ ನಡೆದರೆ ಕರ್ನಾಟಕ. ಶಾಲೆಗೆ ಇದ್ದದ್ದು ಎರಡೇ ಕೋಣೆ. ಒಂದರ ಚಾವಣಿ ಬಿರುಕು ಬಿಟ್ಟು, ಪಾಠದ ನಡುವೆ ಮಕ್ಕಳ ತಲೆಯ ಮೇಲೆ ಗಾರೆ ಉದುರುತ್ತಿತ್ತು. ಇದರಲ್ಲಿ ಮಕ್ಕಳನ್ನು ಕೂರಿಸಬಾರದು ಎಂದು ಮೇಲಿನವರು ಬಂದು ಬರೆದು ಹೋದರು. ಎಲ್ಲಿ ಕೂರಿಸಬೇಕು ಎಂದು ಬರೆಯಲಿಲ್ಲ. ಹಾಗಾಗಿ ಆರು ಮತ್ತು ಏಳನೇ ತರಗತಿಗಳು ನಮ್ಮ ಮನೆಗೆ ಬಂದವು. ಹೊಸ ಕೋಣೆ ಕಟ್ಟುವ ತನಕ ಮಾತ್ರ ಎಂದಿದ್ದರು ಅಪ್ಪ. ಆಗ ನಾನು ಮೂರನೇ ತರಗತಿ. ನಾನೇ ಆರಕ್ಕೆ ಬಂದು ನಮ್ಮದೇ ಪಡಸಾಲೆಯಲ್ಲಿ ಚೀಲ ಹಾಸಿ ಕೂತಾಗಲೂ ಹೊಸ ಕೋಣೆಯ ಸುದ್ದಿ ಇರಲಿಲ್ಲ.

ಅಮ್ಮನ ಸಂಸಾರ ಆ ತರಗತಿಗಳ ಸಂದಿಯಲ್ಲಿ ನಡೆಯುತ್ತಿತ್ತು. ಬೆಳಗ್ಗೆ ಬೇಗ ಎದ್ದು ಪಡಸಾಲೆ ಸಾರಿಸಬೇಕು, ಮಕ್ಕಳು ಬರುವಷ್ಟರಲ್ಲಿ ನೆಲ ಒಣಗಬೇಕು. ಕಡ್ಲೆಕಾಯಿ ಮೂಟೆಗಳನ್ನು ಒಂದು ಮೂಲೆಗೆ ಒತ್ತರಿಸಬೇಕು. ಎಷ್ಟು ಒತ್ತರಿಸಿದರೂ ಸಂಜೆಯ ಹೊತ್ತಿಗೆ ಮೂಟೆಯ ಹೊಲಿಗೆಯಲ್ಲಿ ಬೆರಳು ತೂರುವಷ್ಟು ತೂತು ಬಿದ್ದಿರುತ್ತಿತ್ತು. ಅಡುಗೆಮನೆಯಿಂದ ಬೀದಿಗೆ ಹೋಗಬೇಕಾದರೆ ಭೂಗೋಳದ ಪಾಠದ ನಡುವೆಯೇ ಹಾದು ಹೋಗಬೇಕು. ಒಗ್ಗರಣೆ ಹಾಕಿದರೆ ಇಡೀ ತರಗತಿ ಸೀನುತ್ತಿತ್ತು. ಅಜ್ಜಿ, ಅಪ್ಪನ ತಾಯಿ, ಕಂಬಕ್ಕೊರಗಿ ಕೂತು ಎಲೆ ಅಡಿಕೆ ಮೆಲ್ಲುತ್ತ ವರ್ಷಗಟ್ಟಲೆ ಆರನೇ ತರಗತಿಯಲ್ಲೇ ಉಳಿದರು. ಅಮ್ಮ ಓದಿದ್ದು ನಾಲ್ಕನೆಯವರೆಗೆ. ಆದರೂ ಮುದ್ದೆ ತೊಳಸುತ್ತಲೇ ಒಳಗಿನಿಂದ “ಒಂಬತ್ತೇಳಲೆ ಅರವತ್ತನಾಕು ಅಂದೋರ್ಯಾರು?” ಎಂದು ಕೂಗುತ್ತಿದ್ದಳು. ಮಕ್ಕಳು ಅಪ್ಪನಿಗಿಂತ ಆ ಕೂಗಿಗೇ ಹೆಚ್ಚು ಹೆದರುತ್ತಿದ್ದರು. ಇದಕ್ಕೆಲ್ಲ ಯಾರೂ ಬಾಡಿಗೆ ಕೊಡಲಿಲ್ಲ, ಒಂದು ಕೃತಜ್ಞತೆಯ ಮಾತನ್ನೂ ಆಡಲಿಲ್ಲ. ಏಳನೇ ತರಗತಿಯ ಪರೀಕ್ಷೆಯಲ್ಲಿ ನಮ್ಮ ಪಡಸಾಲೆಯಿಂದ ಹೋದವರು ಡುಮ್ಕಿ ಹೊಡೆದದ್ದು ನಾನು ಕಂಡಿಲ್ಲ. ಅದನ್ನೂ ಯಾರೂ ಕೇಳಲಿಲ್ಲ.

ಹಾಜರಿ ಪುಸ್ತಕ ಇರುತ್ತಿದ್ದದ್ದು ದೇವರ ಗೂಡಿನಲ್ಲಿ. ಶಾಲೆಯ ಬೀರುವಿಗೆ ಇಲಿ ಹೊಕ್ಕು ಒಂದು ವರ್ಷದ ಪುಸ್ತಕವನ್ನು ತಿಂದುಹಾಕಿತ್ತಂತೆ. ಅಂದಿನಿಂದ ಅಪ್ಪ ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ರಂಗನಾಥಸ್ವಾಮಿಯ ಪಟದ ಪಕ್ಕ ಇಡುತ್ತಿದ್ದರು. ಅಮ್ಮ ಊದುಬತ್ತಿ ಹಚ್ಚುವಾಗ ಆ ಪುಸ್ತಕಕ್ಕೂ ಒಂದು ಸುತ್ತು ತೋರಿಸುತ್ತಿದ್ದಳು. ನನ್ನ ಬಾಲ್ಯದಲ್ಲಿ ಹಾಜರಿ ಎಂದರೆ ದೇವರಿಗೆ ಸೇರಿದ ವಸ್ತು ಎಂದೇ ನಾನು ನಂಬಿದ್ದೆ.

ಆಮೇಲೆ ಊರಿಗೆ ವ್ಯಾನು ಬಂತು. ಮಡಕಶಿರಾದ ಒಂದು ಇಂಗ್ಲಿಷ್ ಶಾಲೆಯ ಹಳದಿ ವ್ಯಾನು. ಊರವರು ಆ ಶಾಲೆಗೆ ಕಾನ್ವೆಂಟು ಎನ್ನುತ್ತಿದ್ದರು. ಹುಣಸೆಮರದ ಕೆಳಗೆ ನಿಂತು ಹಾರನ್ ಹೊಡೆದರೆ ಟೈ ಕಟ್ಟಿಕೊಂಡ ಮಕ್ಕಳು ಓಡಿ ಹೋಗಿ ಹತ್ತುತ್ತಿದ್ದರು. ಮೊದಲ ವರ್ಷ ಮೂವರು, ಮರುವರ್ಷ ಅದರ ಎರಡರಷ್ಟು. ಹತ್ತಿದವರೆಲ್ಲ ಗಂಡುಮಕ್ಕಳೇ. ಒಂದೇ ಮನೆಯ ಅಣ್ಣ ವ್ಯಾನಿಗೆ, ತಂಗಿ ನಮ್ಮ ಪಡಸಾಲೆಗೆ. ಅಲ್ಲಿ ಏನು ಕಲಿಸುತ್ತಾರೆ ಎಂದು ಯಾರೂ ಹೋಗಿ ನೋಡಿದವರಲ್ಲ. ಬೂಟು ಕಾಣುತ್ತಿತ್ತು, ಟೈ ಕಾಣುತ್ತಿತ್ತು. ಅಪ್ಪ ಅನ್ನದ ಮುಂದೆ ಕೂತು ಆ ವ್ಯಾನನ್ನು ಬೈಯುತ್ತಿದ್ದರು. “ಕುತ್ತಿಗೆಗೆ ಪಟ್ಟಿ ಕಟ್ಟಿದ್ರೆ ವಿದ್ಯೆ ಬರುತ್ತೇನು?” ಎನ್ನುತ್ತಿದ್ದರು. ನಾನೂ ಅವರ ಜೊತೆ ಬೈಯುತ್ತಿದ್ದೆ. ನನ್ನ ತಮ್ಮ ಸೂರಿ ಎರಡನೇ ತರಗತಿ ಮುಗಿಸಿದ ಬೇಸಗೆಯಲ್ಲಿ, ಒಂದು ದಿನ ಅಪ್ಪ ಮಡಕಶಿರಾದಿಂದ ಬರುವಾಗ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. ತೆರೆದರೆ ಒಳಗೆ ಕಪ್ಪು ಬೂಟು.

“ಯಾರಿಗಪ್ಪ?” ಎಂದೆ.

“ಸೂರಿಗೆ. ಜೂನಿಂದ ವ್ಯಾನಿಗೆ ಹೋಗ್ತಾನೆ.”

“ನಾನು?”

ಅಪ್ಪ ಬೂಟಿನ ದಾರ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

“ನೀನು ನಮ್ಮ ಶಾಲೆಗೆ ಬೇಕಲ್ಲಮ್ಮ ವೇಣಿ. ಹೆಡ್‌ಮೇಷ್ಟ್ರ ಮಗಳೇ ಇಲ್ಲ ಅಂದ್ರೆ ಬೇರೆಯೋರು ಯಾಕೆ ಕಳಿಸ್ತಾರೆ?”

ಈ ಮಾತನ್ನು ನಾನು ಎಷ್ಟು ವರ್ಷ ತಿರುವಿ ತಿರುವಿ ನೋಡಿದ್ದೇನೋ. ನಾನು ಬೇಕಾಗಿದ್ದೆ, ಓದಿಸುವುದಕ್ಕಲ್ಲ, ಲೆಕ್ಕಕ್ಕೆ. ಅಂಗಡಿಯವನು ತನ್ನ ಎಣ್ಣೆ ಚೆನ್ನಾಗಿದೆ ಎಂದು ತೋರಿಸಲು ಹೊರಗೆ ಒಂದು ಡಬ್ಬಿ ಇಡುತ್ತಾನಲ್ಲ, ಹಾಗೆ. ಜೂನ್ ಬಂದ ಮೇಲೆ ಮನೆಯೊಳಗೆ ಎರಡು ಪಂಕ್ತಿಗಳಾದವು. ಸೂರಿಯ ಡಬ್ಬಿಗೆ ಚಿತ್ರಾನ್ನ, ಏಕೆಂದರೆ ಮುದ್ದೆ ತಂದವನನ್ನು ಕಂಡು ಅಲ್ಲಿ ನಗುತ್ತಾರಂತೆ. ನಮಗೆ ಎಂದಿನ ಮುದ್ದೆ, ಹುರುಳಿ ಸಾರು. ಸೂರಿಗೆ ಬೆಳಗ್ಗೆ ಬಿಸಿನೀರು, ತಲೆಗೆ ಎಣ್ಣೆ, ಬೈತಲೆ. ಅವನ ಬೂಟಿಗೆ ಪಾಲಿಶ್ ಹಾಕುವ ಕೆಲಸ ನನ್ನದು. ಅಮ್ಮನಿಗೆ ಇದು ಸರಿಕಾಣಲಿಲ್ಲ. ಎಲ್ಲರೂ ಉಣ್ಣುತ್ತಿದ್ದಾಗ ಒಮ್ಮೆ ನೇರವಾಗಿಯೇ ಕೇಳಿದಳು.

“ಅಲ್ಲಾಂದ್ರೆ, ನೀವು ಹೇಳ್ಕೊಡೋ ಪಾಠ ನಿಮ್ ಮಗನಿಗೆ ಸಾಲ್ದು ಅಂದ್ರೆ, ಊರೋರ ಮಕ್ಳಿಗೆ ಯಾವ ಬಾಯಲ್ಲಿ ಹೇಳ್ಕೊಡ್ತೀರಿ?”

“ಗಂಡುಮಗ ಕಣೆ. ನಾಳೆ ಇಂಗ್ಲಿಷ್ ಇಲ್ದಿದ್ರೆ ಯಾವನು ಕೇಳ್ತಾನೆ ಅವನ್ನ?” ಎಂದರು ಅಪ್ಪ.

“ಹೆಣ್ಣುಮಗೀನ ಯಾವನೂ ಕೇಳದಿದ್ರೂ ನಡೀತದೆ, ಅಲ್ವಾ?”

ಅಜ್ಜಿ ನಡುವೆ ಬಾಯಿ ಹಾಕಿ, “ಉಣ್ಣೋ ಹೊತ್ನಾಗೆ ಯಾಕೆ ತೆಗೀತೀರ ಇದ್ನೆಲ್ಲ?” ಎಂದರು. ಅಪ್ಪ ತಟ್ಟೆಯಲ್ಲಿ ಕೈ ತೊಳೆದು ಎದ್ದರು. ಸೂರಿ ಮಾತ್ರ ಏನೂ ತಿಳಿಯದೆ ಬೂಟು ಹಾಕಿಕೊಂಡೇ ಕೂತು ಉಣ್ಣುತ್ತಿದ್ದ.

ಪ್ರತಿ ಜೂನಿನಲ್ಲಿ ಅಪ್ಪ ಮನೆಮನೆಗೆ ಹೋಗಿ ಮಕ್ಕಳನ್ನು ಕೇಳುತ್ತಿದ್ದರು. ಇಷ್ಟು ಮಕ್ಕಳಿದ್ದರೆ ಇಷ್ಟು ಮೇಷ್ಟ್ರು ಎಂಬುದು ಮೇಲಿನವರ ನಿಯಮ. ಲೆಕ್ಕ ಕಡಿಮೆಯಾದರೆ ಇಬ್ಬರು ಮೇಷ್ಟ್ರನ್ನು ಬೇರೆ ಊರಿಗೆ ಹಾಕಿ, ಆರು ಮತ್ತು ಏಳನೇ ತರಗತಿಗಳನ್ನು ತೆಗೆದುಬಿಡುತ್ತಾರೆ. ಆ ವರ್ಷ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಹಿಪ್ಪುನೇರಳೆ ತೋಟದ ರಂಗಪ್ಪನ ಮನೆಯ ಜಗಲಿಯಲ್ಲಿ ಕೂತು, “ನೋಡಪ್ಪ, ನನ್ ಮಗಳೂ ಇಲ್ಲೇ ಓದ್ತಾಳೆ” ಎಂದು ನನ್ನ ಭುಜ ಹಿಡಿದು ಮುಂದಕ್ಕೆ ತಂದರು. ರಂಗಪ್ಪನ ಮಗಳು ಈರಕ್ಕ ನನ್ನ ತರಗತಿ, ನನ್ನ ಗೆಳತಿ. ಅಪ್ಪ ಕೇಳಲು ಹೋಗಿದ್ದು ಅವಳ ತಮ್ಮನನ್ನು. ರಂಗಪ್ಪ ಬೀಡಿ ಕೆಡಿಸಿ, ತುಂಬ ಮರ್ಯಾದೆಯಿಂದಲೇ ಕೇಳಿದ.

“ಮಗಳನ್ನ ಕಂಡೆ ಮೇಷ್ಟ್ರೆ. ನಿಮ್ ಮಗ ಎಲ್ಲವ್ನೆ?”

ಅಪ್ಪನ ಕೈ ನನ್ನ ಭುಜದ ಮೇಲೆಯೇ ಇತ್ತು. ಅದು ಬೆವೆತದ್ದು ಅಂಗಿಯ ಮೂಲಕ ನನಗೆ ಗೊತ್ತಾಯಿತು. ಈರಕ್ಕನ ತಮ್ಮ ಮಾರನೆಯ ದಿನವೇ ವ್ಯಾನು ಹತ್ತಿದ. ಅಪ್ಪ ಮನೆಗೆ ಬಂದು ಹೊಸ ಹಾಜರಿ ಪುಸ್ತಕ ತೆರೆದು ಹೆಸರು ಬರೆದರು. ಬಂದವರ ಹೆಸರನ್ನೂ ಬರೆದರು, ಬರದವರದನ್ನೂ ಬರೆದರು. ವ್ಯಾನಿಗೆ ಹೋಗುವ ಹನ್ನೊಂದು ಹುಡುಗರು ನಮ್ಮ ಪುಸ್ತಕದಲ್ಲೂ ಇದ್ದರು. ಮೂರನೇ ತರಗತಿಯ ಪಟ್ಟಿಯಲ್ಲಿ ಸೂರಿ. ದಿನಾಲೂ ಹಾಜರು. ಜ್ವರ ಬಂದು ಮಲಗಿದ ದಿನವೂ ಹಾಜರು. ಪುಸ್ತಕ ಮತ್ತೆ ಕೆಂಪು ಬಟ್ಟೆಯೊಳಗೆ ದೇವರ ಗೂಡು ಸೇರಿತು.

ಸಂಕ್ರಾಂತಿ ಕಳೆದ ಮೇಲೆ ವಿದ್ಯಾ ಇಲಾಖೆಯ ಸಾಹೇಬರು ತನಿಖೆಗೆ ಬರುತ್ತಾರೆ ಎಂದು ತಿಳಿಯಿತು. ಅಪ್ಪ ಸೂರಿಯನ್ನು ಬಿಟ್ಟು ಉಳಿದ ಹತ್ತು ಹುಡುಗರ ಮನೆಗೆ ಮತ್ತೆ ಹೋದರು. ಈ ಸಲ ಯಾರೂ ಇಲ್ಲ ಎನ್ನಲಿಲ್ಲ. ಒಂದು ದಿನದ ಮಾತಲ್ಲವೇ, ಊರಿನ ಶಾಲೆಯಲ್ಲವೇ ಎಂದರು. ಶಾಲೆ ಉಳಿಯಬೇಕು, ಆದರೆ ತಮ್ಮ ಮಗ ಅಲ್ಲಿ ಓದಬಾರದು. ಇದು ನಮ್ಮೂರಿನ ದೊಡ್ಡವರೆಲ್ಲ ಸೇರಿ ಮಾಡಿಕೊಂಡ ಒಪ್ಪಂದ. ಆ ಬೆಳಗ್ಗೆ ವ್ಯಾನು ಬಂದು ಹುಣಸೆಮರದ ಕೆಳಗೆ ಹಾರನ್ ಹೊಡೆದು ಹೊಡೆದು ಖಾಲಿ ಹೋಯಿತು. ಹುಡುಗರು ಟೈ ಇಲ್ಲದೆ, ಬೂಟಿಲ್ಲದೆ, ಮನೆಯ ಅಂಗಿಯಲ್ಲಿ ಬಂದರು. ಶಾಲೆಯ ಕೋಣೆ ತುಂಬಿಹೋಗಿ ಮೂರನೇ ತರಗತಿಯನ್ನೂ ನಮ್ಮ ಪಡಸಾಲೆಗೆ ತಂದು ಕೂರಿಸಿದರು. ಸೂರಿ ಬರಿಗಾಲಲ್ಲಿ ಮುಂದಿನ ಸಾಲಿನಲ್ಲಿ ಕೂತ. ಅವನ ಕಣಕಾಲಿನ ಸುತ್ತ ಕಾಲುಚೀಲದ ಗೆರೆ ಎದ್ದು ಕಾಣುತ್ತಿತ್ತು. ಅಮ್ಮ ಅಷ್ಟೂ ಜನಕ್ಕೆ ಉಪ್ಪಿಟ್ಟಿಗೆ ಇಟ್ಟಿದ್ದಳು.

ಸಾಹೇಬರು ತೆಲುಗಿನವರು. ಕನ್ನಡ ಅರ್ಥವಾಗುತ್ತಿತ್ತು, ಆಡುತ್ತಿರಲಿಲ್ಲ. ನಮಗೂ ತೆಲುಗು ಅರ್ಥವಾಗುತ್ತಿತ್ತು, ಆಡಲೂ ಬರುತ್ತಿತ್ತು. ಓದಲು ಮಾತ್ರ ತಡವರಿಸುತ್ತಿದ್ದೆವು. ಅವರು ತಲೆ ಎಣಿಸಿದರು, ಪುಸ್ತಕಕ್ಕೆ ಹೋಲಿಸಿದರು, ಸರಿಯಾಗಿದೆ ಎಂದು ತಲೆಯಾಡಿಸಿದರು. ಮನೆಯ ಪಡಸಾಲೆಯಲ್ಲಿ ಯಾಕೆ ತರಗತಿ ನಡೆಯುತ್ತಿದೆ ಎಂದು ಕೇಳಲಿಲ್ಲ. ಆಮೇಲೆ ಈರಕ್ಕನನ್ನು ಎಬ್ಬಿಸಿ ತೆಲುಗು ವಾಚಕ ಕೊಟ್ಟು ಓದು ಎಂದರು. ಈರಕ್ಕ ಒಂದೊಂದೇ ಅಕ್ಷರ ಕೂಡಿಸಿದಳು. ಎರಡನೇ ಸಾಲಿನಲ್ಲಿ ಒತ್ತಕ್ಷರವೊಂದು ಬಂದು ನಿಂತುಬಿಟ್ಟಳು. ಅಪ್ಪ ಕೈಮುಗಿದಂತೆ ನಿಂತು ಹೇಳಿದರು:

“ಸಾರ್, ಇವಳು ಕನ್ನಡ ಮೀಡಿಯಂ. ಕನ್ನಡ ಪಾಠ ಕೊಟ್ಟು ನೋಡಿ ಸಾರ್, ನೀರು ಕುಡಿದಂಗೆ ಓದ್ತಾಳೆ.”

ಸಾಹೇಬರು ಕೈಯಾಡಿಸಿ, ಕಾಗದದಲ್ಲಿ ಏನೋ ಬರೆದುಕೊಂಡರು. ಈರಕ್ಕ ಕೂರಬೇಕೋ ನಿಲ್ಲಬೇಕೋ ತಿಳಿಯದೆ ನಿಂತೇ ಇದ್ದಳು. ನಮ್ಮ ಇಡೀ ಶಾಲೆಯಲ್ಲಿ ಈರಕ್ಕನಷ್ಟು ಚೆನ್ನಾಗಿ ಓದುವವರಿರಲಿಲ್ಲ. ಅವಳು ಪದ್ಯ ಓದಿದರೆ ಅಜ್ಜಿ ಎಲೆ ಮೆಲ್ಲುವುದನ್ನು ನಿಲ್ಲಿಸುತ್ತಿದ್ದರು. ಸಾಹೇಬರ ಕಣ್ಣು ಮುಂದಿನ ಸಾಲಿಗೆ ಹೋಯಿತು. ಸೂರಿಯ ಕೈಗೆ ಇಂಗ್ಲಿಷ್ ಪುಸ್ತಕ ಕೊಟ್ಟರು. ಅವನು ಎದ್ದು ನಿಂತು, ವ್ಯಾನಿನ ಶಾಲೆಯಲ್ಲಿ ಕಲಿಸಿದ ರಾಗದಲ್ಲಿ, ಒಂದು ಪುಟವನ್ನು ಗಡಗಡನೆ ಓದಿ ಒಪ್ಪಿಸಿದ. ಸಾಹೇಬರ ಮುಖ ಅರಳಿತು. ಜೇಬಿನಿಂದ ಪೆನ್ನು ತೆಗೆದು ಅವನಿಗೆ ಕೊಟ್ಟರು. ಅಪ್ಪನ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದರು: ಮೂರನೆಯವನು ಇಂಗ್ಲಿಷ್ ಓದುತ್ತಾನೆ, ಆರನೆಯವಳಿಗೆ ತೆಲುಗು ಬರುವುದಿಲ್ಲ, ಹೆಣ್ಣುಮಕ್ಕಳ ಕಡೆ ನಿಮಗೆ ಗಮನವೇ ಇಲ್ಲವಲ್ಲ ಮೇಷ್ಟ್ರೆ. ಅಪ್ಪ “ಹೌದು ಸಾರ್, ನೋಡ್ಕೋತೀನಿ ಸಾರ್” ಎಂದರು.

ಹೌದು ಸಾರ್! ನನ್ನ ಕಿವಿಯಲ್ಲಿ ಅದೊಂದೇ ಮಾತು. ಈರಕ್ಕ ಇನ್ನೂ ನಿಂತಿದ್ದಳು. ಅವಳ ಕತ್ತು ಬಾಗಿ ಜಡೆ ಮುಂದೆ ಬಿದ್ದಿತ್ತು. ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಸಾಹೇಬರಿಗೆ ತಪ್ಪದೆ ತಿಳಿಯಲಿ ಎಂದು ತೆಲುಗಿನಲ್ಲೇ ಹೇಳಿದೆ.

“ವಾಡು ಮಾ ಬಡಿ ಪಿಲ್ಲೋಡು ಕಾದು ಸಾರ್. ವ್ಯಾನ್‌ಲೋ ಪೋತಾಡು.”

ಅವನು ನಮ್ಮ ಶಾಲೆಯ ಹುಡುಗನಲ್ಲ, ವ್ಯಾನಿನಲ್ಲಿ ಹೋಗುತ್ತಾನೆ ಎಂದು. ಅಷ್ಟಕ್ಕೆ ನಿಲ್ಲಿಸಲಿಲ್ಲ. ಉಳಿದ ಹತ್ತು ಜನರನ್ನೂ ಬೆರಳು ಮಾಡಿ ತೋರಿಸಿದೆ. ಪಡಸಾಲೆಯಲ್ಲಿದ್ದವರನ್ನು ತೋರಿಸಿದೆ, ಶಾಲೆಯ ಕೋಣೆಯಲ್ಲಿದ್ದವರ ಹೆಸರು ಹೇಳಿದೆ. ಸಾಹೇಬರು ಆ ಹುಡುಗರನ್ನು ಒಂದು ಪಕ್ಕಕ್ಕೆ ನಿಲ್ಲಿಸಿದರು. ಒಬ್ಬ ಹುಡುಗ ಅಳತೊಡಗಿದ. ಸಾಹೇಬರು ಅಪ್ಪನನ್ನು ಕೇಳಲೂ ಇಲ್ಲ, ಬೈಯಲೂ ಇಲ್ಲ. ಹಾಜರಿ ಪುಸ್ತಕದಲ್ಲಿ ಹನ್ನೊಂದು ಸಲ ಕೆಂಪು ಗೆರೆ ಎಳೆದು, ಕೊನೆಯಲ್ಲಿ ಹೊಸ ಮೊತ್ತ ಬರೆದು ಸಹಿ ಹಾಕಿದರು. ಅಮ್ಮ ಉಪ್ಪಿಟ್ಟಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸಾಹೇಬರು ತಿನ್ನದೆ ಜೀಪು ಹತ್ತಿದರು. ಅಮ್ಮ ಎಲ್ಲ ಮಕ್ಕಳಿಗೂ ಬಡಿಸಿದಳು, ಆ ಹನ್ನೊಂದು ಜನಕ್ಕೂ.

ಆ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಅಪ್ಪ ಕರಿ ಗೋಡೆಗೆ ಬೆನ್ನು ಕೊಟ್ಟು ಕೂತರು. ಅವರು ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು.

“ನಿನ್ನ ಬಾಯಿಂದ ಆರು ಏಳು ಎರಡೂ ಹೋಯ್ತು. ನಿಂಗೆ ಗೊತ್ತಾ?” ಎಂದರು.

“ಹೆಣ್ಣಿಗೆ ಬಾಯಿ ಜಾಸ್ತಿ ಆದ್ರೆ ಇಂಗೇಯ” ಎಂದರು ಅಜ್ಜಿ.

ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲೇ ಬಂದಳು. ಸೆರಗಿಗೆ ಕೈ ಒರೆಸಿ, ದೇವರ ಗೂಡಿನಿಂದ ಕೆಂಪು ಬಟ್ಟೆಯ ಗಂಟು ತೆಗೆದು ಅಪ್ಪನ ತೊಡೆಯ ಮೇಲಿಟ್ಟಳು.

“ಬಾಯಿ ಅವಳ್ದು. ಸುಳ್ಳು ನಿಮ್ದು. ಸುಳ್ಳಿಗೆ ದಿನಾ ಊದುಬತ್ತಿ ಹಚ್ಚಿದ್ದು ನಾನು. ಇವತ್ತಿಂದ ಈ ಪುಸ್ತಕ ಇಲ್ಲಿ ಬ್ಯಾಡ, ಎಲ್ಲಾದ್ರೂ ಇಟ್ಕೊಳ್ಳಿ.”

ಸೂರಿ ಮೂಲೆಯಲ್ಲಿದ್ದ. ಅವನಿಗೆ ಎಂಟು ವರ್ಷ, ಪಾಪ, ಅವನು ಮಾಡಿದ ತಪ್ಪಾದರೂ ಏನು? ಮೆಲ್ಲಗೆ ಬಂದು ಸಾಹೇಬರ ಪೆನ್ನನ್ನು ನನ್ನ ಮುಂದೆ ಇಟ್ಟು, “ನೀನೇ ಇಟ್ಕೋ ಅಕ್ಕ” ಎಂದ. ನಾನು ಅದನ್ನು ಕಾಲಿನಿಂದ ಸರಿಸಿದೆ. ಇವತ್ತಿಗೂ ನಾಚಿಕೆಯಾಗುವ ಕೆಲಸ. ಅವನು ಈಗ ಮಡಕಶಿರಾದಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ನನ್ನ ಮೇಲೆ ಒಂದು ದಿನವೂ ಆ ಸಿಟ್ಟು ಇಟ್ಟುಕೊಳ್ಳಲಿಲ್ಲ.

ಬೇಸಗೆಗೆ ಮುಂಚೆ ಆದೇಶ ಬಂತು. ಇಬ್ಬರು ಮೇಷ್ಟ್ರಿಗೆ ವರ್ಗ, ಐದನೆಯವರೆಗೆ ಮಾತ್ರ ಶಾಲೆ. ಮಕ್ಕಳ ದಾಖಲಾತಿ ಸಾಲದು, ಕಲಿಕೆಯ ಮಟ್ಟ ಕಡಿಮೆ ಎಂದು ಕಾರಣ ಕೊಟ್ಟಿದ್ದರು. ಕಲಿಕೆಯ ಮಟ್ಟ! ಈರಕ್ಕನ ಬಾಯಿಯಲ್ಲಿ ನಿಂತುಹೋದ ಒಂದು ಒತ್ತಕ್ಷರ ಅದು. ನಾನೂ ಈಗ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುತ್ತೇನೆ, ಮಡಕಶಿರಾ ಪಕ್ಕದ ಗುಡಿಬಂಡೆಯ ಕಡೆ. ಹಾಜರಿಯನ್ನು ಫೋನಿನಲ್ಲಿ ಹಾಕುತ್ತೇವೆ, ಮಕ್ಕಳ ಮುಖದ ಫೋಟೋ ಹಿಡಿದು. ಸುಳ್ಳು ಹೆಸರು ಬರೆಯುವುದು ಕಷ್ಟವಾಗಿದೆ, ಸಂತೋಷ. ಆದರೆ ಮಕ್ಕಳು ಕಡಿಮೆ ಇದ್ದರೆ ಶಾಲೆಯನ್ನು ಇನ್ನೊಂದಕ್ಕೆ ಸೇರಿಸುವುದು ನಿಂತಿಲ್ಲ. ಮೊದಲು ಮೇಷ್ಟ್ರನ್ನು ತೆಗೆಯುತ್ತಾರೆ. ಮೇಷ್ಟ್ರಿಲ್ಲ ಎಂದು ಮಕ್ಕಳು ಹೋಗುತ್ತಾರೆ. ಮಕ್ಕಳಿಲ್ಲ ಎಂದು ಶಾಲೆ ಮುಚ್ಚುತ್ತಾರೆ. ಆಮೇಲೆ ಸಭೆಯಲ್ಲಿ ಎದ್ದು, ಜನರಿಗೇ ಸರ್ಕಾರಿ ಶಾಲೆ ಬೇಡವಾಗಿದೆ ಎನ್ನುತ್ತಾರೆ. ಯಾವ ಜನರಿಗೆ? ನಮ್ಮ ಪಡಸಾಲೆಯಲ್ಲಿ ಆರನೇ ತರಗತಿಗೆ ಕೂತಿದ್ದ, ನಾನೂ ಈರಕ್ಕನೂ ಸೇರಿದ ಐದು ಹೆಣ್ಣುಮಕ್ಕಳನ್ನು ಯಾರೂ ಕೇಳಲಿಲ್ಲ. ನಮ್ಮೂರಿನ ಶಾಲೆಗೆ ಈ ವರ್ಷ ಬೀಗ ಬಿತ್ತು. ಬಿರುಕುಬಿಟ್ಟ ಕೋಣೆ ಹಾಗೇ ಇದೆ.

ಆದೇಶ ಬಂದ ವಾರದಲ್ಲಿ ನಾನು ಈರಕ್ಕನನ್ನು ಹುಡುಕಿಕೊಂಡು ಹೋದೆ. ತನಿಖೆಯ ದಿನದಿಂದ ಅವಳು ನನ್ನ ಪಕ್ಕ ಕೂರುವುದನ್ನು ಬಿಟ್ಟಿದ್ದಳು. ರೇಷ್ಮೆಯ ಹುಳುಮನೆಯಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ತಟ್ಟೆಗಳ ಮೇಲೆ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು.

“ನಿನಗೋಸ್ಕರ ಹೇಳ್ದೆ ಕಣೆ. ಆ ಸಾಹೇಬ ನಿನ್ನ ಅಂಗೆ ನಿಲ್ಸಿದ್ನಲ್ಲ, ಅದಕ್ಕೆ” ಎಂದೆ.

ಈರಕ್ಕ ಮಚ್ಚನ್ನು ಕೆಳಗಿಟ್ಟಳು.

“ನಾನೇನು ಹೇಳು ಅಂದಿದ್ನಾ? ನಿಂತಿದ್ದೆ, ಕೂತ್ಕೋತಿದ್ದೆ. ಮುಂದಿನ ವರ್ಸ ಏಳ್ನೇದು ಮುಗಿಸ್ತಿದ್ದೆ. ನೀನು ನನಗೋಸ್ಕರ ಹೇಳ್ಲಿಲ್ಲ ವೇಣಿ. ನಿನ್ ತಮ್ಮನ ಬೂಟಿಗೋಸ್ಕರ ಹೇಳ್ದೆ.”

ನಾನು ಅಲ್ಲ ಎನ್ನಬೇಕಿತ್ತು. ಆದರೆ ಸಾಹೇಬರು ಪೆನ್ನು ಕೊಟ್ಟಾಗ ನನ್ನ ಹೊಟ್ಟೆಯಲ್ಲಿ ಉರಿದದ್ದು ಏನೆಂದು ನನಗೆ ಗೊತ್ತಿತ್ತು. ಈರಕ್ಕನ ಅವಮಾನಕ್ಕೆ ಬಂದ ಸಿಟ್ಟೂ ನಿಜ, ಆ ಉರಿಯೂ ನಿಜ. ಎರಡೂ ಒಂದೇ ಬಾಯಿಂದ ಹೊರಬಿದ್ದಿದ್ದವು. ಸತ್ಯ ಹೇಳಿದೆ ಎಂದು ಎದೆಯುಬ್ಬಿಸಿಕೊಳ್ಳುವವರನ್ನು ಕಂಡರೆ ನನಗೆ ಇಂದಿಗೂ ಅನುಮಾನ ಬರುವುದು ಅದಕ್ಕೇ. ಆ ಸತ್ಯಕ್ಕೆ ದಂಡ ಕಟ್ಟಿದವರು ಯಾರು ಎಂದು ಮೊದಲು ನೋಡುತ್ತೇನೆ.

ಅದೇ ದಿನಗಳಲ್ಲಿ ಅಪ್ಪ, ಇನ್ನು ನಾನೂ ವ್ಯಾನಿಗೆ ಹೋಗಬಹುದು ಎಂದರು. ಲೆಕ್ಕಕ್ಕೆ ನನ್ನ ಅಗತ್ಯ ಮುಗಿದಿತ್ತಲ್ಲ. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಬೂಟಿನಲ್ಲಿ ನನ್ನ ಕಾಲನ್ನು ಎಷ್ಟೋ ಸಲ ಕಲ್ಪಿಸಿಕೊಂಡವಳು ನಾನು. ಆದರೆ ಹುಣಸೆಮರದ ಕೆಳಗೆ ನಾನು ವ್ಯಾನು ಹತ್ತುವುದನ್ನು ಈರಕ್ಕ ಸೊಪ್ಪಿನ ಹೊರೆ ಹೊತ್ತು ನೋಡಿದರೆ, ಅವಳ ಮಾತು ನೂರಕ್ಕೆ ನೂರು ನಿಜವಾಗುತ್ತಿತ್ತು. ನಾನು ಹೋಗುವುದಿಲ್ಲ ಎಂದೆ. ಹೈಸ್ಕೂಲಿದ್ದದ್ದು ನಾಲ್ಕು ಮೈಲಿ ಆಚೆಯ ಊರಲ್ಲಿ. ಅಲ್ಲಿ ಕನ್ನಡದಲ್ಲಿ ಏಳನೇ ತರಗತಿ ಇತ್ತು. ಅಲ್ಲಿಗೆ ನಡೆಯುತ್ತೇನೆ, ಐದು ಜನವೂ ನಡೆಯುತ್ತೇವೆ ಎಂದೆ. ಅಮ್ಮ ಅಪ್ಪನ ಮುಖ ನೋಡಿ, “ಏಳಿ, ಅಂಗಿ ಹಾಕ್ಕೊಳ್ಳಿ. ಯಾವತ್ತೂ ನಿಮ್ ಶಾಲೆಗೆ ಕೇಳಿದ್ದೀರಿ, ಒಂದ್ಸಲ ಮಕ್ಳಿಗೋಸ್ಕರ ಕೇಳಿ ನೋಡಣ” ಎಂದಳು. ಅಪ್ಪ ಅಂಗಿ ಹಾಕಿಕೊಂಡರು. ಆ ಸುತ್ತಾಟದಿಂದ ಅವರ ಪುಸ್ತಕಕ್ಕೆ ಒಂದು ಹೆಸರೂ ಸೇರುವಂತಿರಲಿಲ್ಲ. ಅಮ್ಮ ಮುಂದೆ, ಅಪ್ಪ ಹಿಂದೆ.

ನಮ್ಮ ತರಗತಿಯ ಶಾಂತಳ ತಾಯಿ ಒಪ್ಪಿದಳು. ಇನ್ನೆರಡು ಮನೆಯವರು ನೋಡೋಣ ಎಂದು ಬಾಗಿಲು ಮುಂದಕ್ಕೆ ಹಾಕಿದರು. ರಂಗಪ್ಪ ಈ ಸಲ ಬೀಡಿ ಕೆಡಿಸಲಿಲ್ಲ.

“ನಾಕು ಮೈಲಿ ಹೆಣ್ ಮಗೀನ ಒಬ್ಬಂಟಿ ಕಳ್ಸಕ್ಕಾಯ್ತದ ಮೇಷ್ಟ್ರೆ? ನಿಮ್ ಮಗಳಿಗೆ ನೀವಿದ್ದೀರ. ನಮ್ ಮಗಿಗೆ ಯಾರವ್ರೆ?”

“ಒಬ್ಬಂಟಿ ಅಲ್ಲ ರಂಗಪ್ಪ. ಕೆರೆ ದಾಟೋವರ್ಗೂ ದಿನಾ ನಾನೇ ಜೊತೆ ಓಗ್ತೀನಿ” ಎಂದಳು ಅಮ್ಮ.

“ಹುಳ ನಾಕ್ನೇ ಜ್ವರ ಎದ್ದು ಪೊರೆ ಬಿಟ್ಟವೆ ತಾಯಿ, ಇನ್ನು ಹಗಲೂ ರಾತ್ರಿ ಮೇಯ್ತವೆ. ಸೊಪ್ಪು ಕೊಯ್ಯೋರು ಬೇಕು” ಎಂದ ರಂಗಪ್ಪ. ಅ‌ವನ ಮಗ ಆ ಹೊತ್ತಿಗೆ ವ್ಯಾನಿನಿಂದ ಇಳಿದು ಬಂದು, ಚೀಲವನ್ನು ಜಗಲಿಯ ಮೇಲೆ ಎಸೆದು ಆಡಲು ಹೋದ. ಈರಕ್ಕ ಹೊರಗೆ ಬರಲೇ ಇಲ್ಲ.

ಶಾಲೆ ಬಿಡುವ ಪತ್ರ, ಟಿ.ಸಿ., ಐದೂ ಅಪ್ಪ ಬರೆಯಬೇಕಿತ್ತು. ನನ್ನ ಅಕ್ಷರ ದುಂಡಗಿದ್ದುದರಿಂದ, ನನ್ನ ಕೈಗೆ ಕೊಟ್ಟು ಹೇಳುತ್ತ ಹೋದರು. ಹೆಸರು, ತಂದೆಯ ಹೆಸರು, ತರಗತಿ, ನಡತೆ ಉತ್ತಮ. ಶಾಲೆ ಬಿಡಲು ಕಾರಣ ಎಂಬ ಸಾಲು ಬಂತು.

“ಪೋಷಕರ ಕೋರಿಕೆ ಅಂತ ಬರಿ” ಎಂದರು. “ಎಲ್ಲರಿಗೂ ಅದನ್ನೇ ಬರಿಯೋದು.”

“ಯಾವ ಪೋಷಕರು ಕೋರಿದ್ರಪ್ಪ?”

ಅಪ್ಪ ಮೊಹರಿನ ಡಬ್ಬಿ ಎಳೆದುಕೊಂಡರು. ನಾನು ‘ತರಗತಿ ತೆಗೆದುಹಾಕಿದ್ದರಿಂದ’ ಎಂದು ಬರೆದೆ. ಐದರಲ್ಲೂ ಅದನ್ನೇ ಬರೆದೆ. ಅಪ್ಪ ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಹರಿದುಹಾಕುತ್ತಾರೆ ಎಂದುಕೊಂಡಿದ್ದೆ. ಸಹಿ ಮಾಡಿ ಮೊಹರು ಒತ್ತಿದರು.

ಜೂನ್ ತಿಂಗಳ ಒಂದು ಬೆಳಗ್ಗೆ ಅಪ್ಪ, ನಾನು, ಶಾಂತ ಮೂವರೂ ಹೈಸ್ಕೂಲಿಗೆ ನಡೆದೆವು. ದಾರಿಯುದ್ದಕ್ಕೂ ಅಪ್ಪ ಆಗಾಗ ಹಿಂದೆ ತಿರುಗಿ ನೋಡುತ್ತಿದ್ದರು. ಗುಮಾಸ್ತೆ ನನ್ನ ಟಿ.ಸಿ. ಓದಿ, ಕನ್ನಡಕವನ್ನು ಹಣೆಗೇರಿಸಿದ.

“ಏನ್ ಮೇಷ್ಟ್ರೆ ಇದು? ಇಂಥ ಕಾರಣ ಎಲ್ಲಾದ್ರೂ ಬರೀತಾರಾ? ನಾಳೆ ಆಡಿಟ್‌ನೋರು ನನ್ನ ಕೇಳ್ತಾರೆ. ಪೋಷಕರ ಕೋರಿಕೆ ಅಂತ ತಿದ್ದಿ ಕೊಡಿ, ಇಲ್ಲೇ ಪೆನ್ನಿದೆ.”

ಅಪ್ಪ ಪೆನ್ನನ್ನು ನೋಡಿದರು. ಮೇಲಿನವರು ಯಾರೇ ಏನೇ ಹೇಳಿದರೂ ಆಗಲಿ ಸಾರ್ ಎನ್ನುತ್ತಿದ್ದ ಮನುಷ್ಯ.

“ಪೋಷಕ ನಾನೇ ಸ್ವಾಮಿ” ಎಂದರು ಅಪ್ಪ. “ನಾನು ಕೋರಿಲ್ಲ. ತೆಗೆದುಹಾಕಿದ್ರು. ಹೆಡ್‌ಮೇಷ್ಟ್ರು ನಾನೇ, ಸಹಿ ನಂದೇ. ಕೇಳೋರನ್ನ ನನ್ ಹತ್ರ ಕಳಿಸಿ.”

ಗುಮಾಸ್ತೆ ಗೊಣಗುತ್ತ ದಾಖಲಾತಿ ಪುಸ್ತಕ ತೆರೆದ. ನನಗೆ ಖುಷಿಯಾಗಬೇಕಿತ್ತು. ಬದಲಿಗೆ ಮೊದಲಿನದಕ್ಕಿಂತ ಹೆಚ್ಚು ಸಿಟ್ಟು ಬಂತು. ಈ ಧ್ವನಿ ಇವರಲ್ಲಿ ಇತ್ತು ಎಂದಾದರೆ ನಮ್ಮ ಪಡಸಾಲೆಯಲ್ಲಿ ಅದು ಎಲ್ಲಿ ಹೋಗಿತ್ತು?

“ಎಷ್ಟು ಜನ ಸೇರಿಸ್ತೀರಿ?” ಎಂದ ಗುಮಾಸ್ತೆ.

ಅಪ್ಪ ಅಂಗಿಯ ಜೇಬಿಗೆ ಕೈ ಹಾಕಿದರು. ಅಲ್ಲಿ ಇನ್ನೊಂದು ಕಾಗದ ಮಡಿಸಿಟ್ಟದ್ದು ನನಗೆ ಕಂಡಿತು. ಮಡಿಕೆಯ ಮೇಲೆ ನನ್ನದೇ ದುಂಡು ಅಕ್ಷರದಲ್ಲಿ ಈರಕ್ಕನ ಹೆಸರು. ದಾರಿಯಲ್ಲಿ ಎಲ್ಲಾದರೂ ಅವಳು ಓಡಿ ಬಂದು ಕೂಡಿಕೊಂಡಾಳು ಎಂದು ತಂದಿದ್ದರೋ ಏನೋ, ನಾನು ಕೇಳಲಿಲ್ಲ. ಅವರು ಬೆರಳಿನಿಂದ ಅದನ್ನು ಮುಟ್ಟಿ ನೋಡಿ, ಒಳಕ್ಕೆ ತಳ್ಳಿ, ಖಾಲಿ ಕೈ ಹೊರಗೆ ತೆಗೆದರು.

“ಇಬ್ರು” ಎಂದರು.